ಅಗ್ಗಕ್ಕೆ ಬಂದ ಕಾರ್ಡು

ನಮ್ಮ ಅತ್ತಿಗೆಗೆ ಸಂಬಳ ಕೊಡುವುದೇ ಅನುಮಾನಪಡುವುದಕ್ಕೆ. ಆನ್‌ಲೈನ್‌ನಲ್ಲಿ ಸಾಮಾನು ಮಾರುವ ಕಂಪನಿಯೊಂದರ ಗೋದಾಮಿನಲ್ಲಿ, ಗಿರಾಕಿಗಳು ವಾಪಸ್ ಕಳಿಸಿದ ಡಬ್ಬಿಗಳನ್ನು ಬಿಚ್ಚಿ ನೋಡುವ ಕೆಲಸ ಅವಳದು. ಫೋನ್ ಇರಬೇಕಾದಲ್ಲಿ ಬಟ್ಟೆ ಸೋಪು, ಹೊಸ ಇಸ್ತ್ರಿಪೆಟ್ಟಿಗೆಯ ಜಾಗದಲ್ಲಿ ಸುಟ್ಟುಹೋದ ಹಳೆಯದು, ಹೀಗೆ ಒಂಬತ್ತು ವರ್ಷ ನೋಡಿ ನೋಡಿ, ಮುಚ್ಚಿದ ಡಬ್ಬಿ ಕಂಡರೆ ಅವಳ ಕೈ ತುರಿಸುತ್ತದೆ. ಮನೆಗೆ ಬಂದ ಸಕ್ಕರೆಯನ್ನೂ ತೂಗುತ್ತಾಳೆ. ನಾನು ಊಟ ಬೇಡ ಎಂದರೆ, ಯಾರ ಜೊತೆ ತಿಂದು ಬಂದೆ ಎಂದು ಕೇಳುತ್ತಾಳೆ. ಒಳ್ಳೆಯವಳೇ. ನನಗೆ ಜ್ವರ ಬಂದರೆ ರಜೆ ಹಾಕಿ ಪಕ್ಕದಲ್ಲಿ ಕೂರುತ್ತಾಳೆ; ನಿಜವಾಗಿ ಜ್ವರವೇ ಎಂದು ಥರ್ಮಾಮೀಟರನ್ನು ಮಾತ್ರ ಎರಡು ಸಲ ಇಡುತ್ತಾಳೆ.

ಅಣ್ಣ ಇದಕ್ಕೆ ತದ್ವಿರುದ್ಧ. ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ, ಎಲ್ಲರನ್ನೂ ನಂಬುತ್ತಾನೆ, ಆದರೆ ಗೆಳೆಯ ಅಂತ ಇರುವುದು ಒಬ್ಬನೇ. ಅವನು ಕಂಪ್ಯೂಟರ್ ಜೋಡಿಸುವ ಅಂಗಡಿಯವನು. ನಾವೆಲ್ಲ ಕರೆಯುವುದು ಚಿಪ್ಪಣ್ಣ ಅಂತ. ಅಣ್ಣನ ಸ್ಟುಡಿಯೋ ಮುಚ್ಚಿ, ಅವನು ಯಾರೊಂದಿಗೂ ಮಾತಾಡದೆ ಗೋಡೆ ನೋಡುತ್ತ ಕೂತಿದ್ದ ಆ ವರ್ಷ, ದಿನಾ ಸಂಜೆ ಏನಾದರೊಂದು ನೆಪ ಹೇಳಿ ಅವನನ್ನು ಹೊರಗೆ ಎಳೆದುಕೊಂಡು ಹೋದವನು ಚಿಪ್ಪಣ್ಣ. ಅತ್ತಿಗೆ ಈ ಮನೆಗೆ ಬಂದ ದಿನದಿಂದ ಅವಳನ್ನು ತಂಗಿ ಅಂತಲೇ ಕರೆಯುತ್ತಾನೆ. ಹಾಗಾಗಿ ಹೊಸ ಕಂಪ್ಯೂಟರಿನ ಮಾತು ಬಂದಾಗ ನನಗಿದ್ದ ಚಿಂತೆ ಕಂಪ್ಯೂಟರಿನದಲ್ಲ. ಅತ್ತಿಗೆಯ ಬಾಯಿಂದಾಗಿ ಈ ಒಬ್ಬ ಗೆಳೆಯನೂ ಕೈತಪ್ಪಿದರೆ ಅಣ್ಣನ ಗತಿ ಏನು ಎಂಬುದು.

ಭಾನುವಾರ ಊಟದ ಮೇಜಿನ ಸುತ್ತ ಕೂತೆವು. ಚಿಪ್ಪಣ್ಣ ಪಟ್ಟಿ ಬರೆಯತೊಡಗಿದ. ಒಂದೇ ಯಂತ್ರದಲ್ಲಿ ಅಣ್ಣನ ಎಡಿಟಿಂಗೂ ಆಗಬೇಕು, ಕಾಲೇಜಿಗೆ ಹೋಗುವ ಅವನ ಮಗಳ ಕಂಪ್ಯೂಟರ್ ಆಟವೂ ನಡೆಯಬೇಕು. ಅಣ್ಣ ಕೇಳಿದ್ದು ಗಟ್ಟಿ ಪ್ರೊಸೆಸರ್, ತುಂಬ ರ‍್ಯಾಮ್, ದೊಡ್ಡ ಡಿಸ್ಕ್. ಮಗಳು ಕೇಳಿದ್ದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ಜೊತೆಗೆ ಬಣ್ಣಬಣ್ಣದ ದೀಪ. ದೀಪ ಹಾಕಿದರೆ ವೇಗ ಹೆಚ್ಚುತ್ತದಾ ಎಂದು ಅತ್ತಿಗೆ ವಿಚಾರಣೆ ಶುರು ಮಾಡಿದಳು. ಇಲ್ಲ ಎಂದ ಚಿಪ್ಪಣ್ಣ. ಹಾಗಾದರೆ ಹೊಡೆದುಹಾಕಿ ಎಂದಳು. ಮಗಳ ಮುಖ ಸಪ್ಪಗಾಯಿತು.

ಪವರ್ ಸಪ್ಲೈ ಎಂದಾಗ ಅವಳ ಕಿವಿ ನೆಟ್ಟಗಾಯಿತು. ಬೇಕಾದದ್ದಕ್ಕಿಂತ ದೊಡ್ಡದು ಯಾಕಂತೆ? ಕೆಲಸದ ಹೊರೆ ಏರಿದಾಗ ಯಂತ್ರಕ್ಕೆ ಉಸಿರು ಕಟ್ಟಬಾರದು, ನಾಳೆ ಏನಾದರೂ ಸೇರಿಸಿದರೂ ಅದೇ ಸಾಕಾಗುತ್ತದೆ ಎಂದು ಅವನು ಸಮಾಧಾನವಾಗಿ ವಿವರಿಸಿದ. ಅತ್ತಿಗೆ ತಲೆಯಾಡಿಸಿ ಅಡುಗೆಮನೆಗೆ ಹೋದಳು. ಅಲ್ಲಿಂದ ಪಿಸುದನಿಯಲ್ಲಿ ಬೇರೆ ಎರಡು ಅಂಗಡಿಗೆ ಫೋನ್ ಮಾಡಿ ಅದನ್ನೇ ಕೇಳಿದಳು. ಅವರೂ ಅದನ್ನೇ ಹೇಳಿದರು. ಎಲ್ಲರೂ ಒಳಗೊಳಗೇ ಸೇರಿಕೊಂಡಿದ್ದಾರೆ ಎಂದು ನನ್ನ ಕಿವಿಯಲ್ಲಿ ಊದಿದಳು. ಹೆಸರಲ್ಲೇ ಇದೆಯಲ್ಲ, ನಮ್ಮ ಕೈಗೂ ಚಿಪ್ಪೇ ಕೊಡುವುದು ಎಂದಳು. ಏನು ಹೇಳೋಣ ಇಂಥವಳಿಗೆ!

ಕೊನೆಗೆ ಅವಳ ಕಣ್ಣು ಬಿದ್ದದ್ದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಇಡೀ ಪಟ್ಟಿಯಲ್ಲಿ ದುಬಾರಿ ಅದೇ, ಅದನ್ನೇ ಚಿಪ್ಪಣ್ಣ ಎಲ್ಲರಿಗಿಂತ ಅಗ್ಗಕ್ಕೆ ತಂದುಕೊಡುತ್ತೇನೆ ಎಂದಿದ್ದ. ಅಷ್ಟು ಸಾಕಲ್ಲ ಅವಳಿಗೆ. ವರ್ಷಗಟ್ಟಲೆ ಬಿಡುವಿಲ್ಲದೆ ದುಡಿಸಿದ ಕಾರ್ಡುಗಳನ್ನು ಒರೆಸಿ ಹೊಸ ಡಬ್ಬಿಗೆ ಹಾಕಿ ಮಾರುತ್ತಾರೆಂದು ಅವಳಿಗೆ ಗೊತ್ತಿತ್ತು. ಗೋದಾಮಿನಲ್ಲಿ ಅಂಥ ಎರಡನ್ನು ತಾನೇ ಹಿಡಿದಿದ್ದಳು. ಕಾರ್ಡು ಮನೆಗೆ ಬಂದದ್ದೇ ಅಡುಗೆಮನೆಯ ತಕ್ಕಡಿಗೆ ಏರಿತು. ತೂಕ ಸರಿಯಿತ್ತು. ಸೀಲು, ನಂಬರು ಸರಿಯಿದ್ದವು.

"ತಂಗಿ, ಹೊಸದೇ ಅದು. ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಚಿಪ್ಪಣ್ಣ ನಗುತ್ತಲೇ ಕೇಳಿದ.

"ನಂಬಿಕೆ ಇದೆ ಚಿಪ್ಪಣ್ಣ. ಸುಮ್ನೆ ನೋಡ್ತಿದ್ದೀನಿ ಅಷ್ಟೆ."

ಜೋಡಿಸುವುದು ಮರುದಿನ ಎಂದಾಯಿತು. ಅವನು ಅತ್ತ ಹೋದ ಮೇಲೆ ಅತ್ತಿಗೆ, ನಂಬರು ಇನ್ನೊಮ್ಮೆ ನೋಡುತ್ತೇನೆಂದು ಡಬ್ಬಿಗಳ ಜೊತೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅವಳ ಚಟ ಅದು ಎಂದು ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಚಿಪ್ಪಣ್ಣ ಕಂಪ್ಯೂಟರ್ ಜೋಡಿಸಿಕೊಟ್ಟ ನಾಲ್ಕನೇ ದಿನ ಅಣ್ಣ ಮೊದಲ ದೊಡ್ಡ ವಿಡಿಯೋ ಹಚ್ಚಿದ. ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದ, ಮತ್ತೆ ಕಪ್ಪು. ಮಗಳು ಆಟ ಹಾಕಿದರೂ ಅಷ್ಟೇ. ಅತ್ತಿಗೆಯ ಮುಖದಲ್ಲಿ ಸಿಟ್ಟಿಗಿಂತ ಗೆದ್ದ ಕಳೆಯೇ ಹೆಚ್ಚಿತ್ತು. ಫೋನ್ ಮಾಡಿದ ಅರ್ಧ ಗಂಟೆಗೆ ಚಿಪ್ಪಣ್ಣ ಓಡಿಬಂದ. ಅವನು ಚಪ್ಪಲಿ ಬಿಡುವಷ್ಟರಲ್ಲಿ, ಅಣ್ಣನೆದುರೇ, ಮಗಳೆದುರೇ ಅಂದುಬಿಟ್ಟಳು:

"ಇಷ್ಟು ವರ್ಷದ ಸ್ನೇಹ ಅಂತಾನೂ ನೋಡದೆ ಹಳೇ ಮಾಲು ತಳ್ಳಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಚಿಪ್ಪಣ್ಣ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿ ಹೊರಟ. ಅಣ್ಣ ರಸ್ತೆಯವರೆಗೂ ಹಿಂದೆ ಹೋಗಿ ಒಬ್ಬನೇ ವಾಪಸ್ ಬಂದ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅತ್ತಿಗೆಯ ಜೊತೆ ಮಾತು ಬಿಟ್ಟೆ.

ಮೂರನೇ ದಿನ ಮಗಳು ಕಂಪ್ಯೂಟರ್ ಪೆಟ್ಟಿಗೆಯ ಬದಿಯ ಗಾಜಿನ ಫಲಕ ತೆಗೆದು, ಆಟ ಹಚ್ಚಿ, ಒಳಗೆ ಬಗ್ಗಿ ನೋಡಿದಳು. ಕಾರ್ಡು ಕೈ ಸುಡುವಷ್ಟು ಬಿಸಿಯಾಗಿತ್ತು, ಆದರೆ ಅದರ ಫ್ಯಾನುಗಳು ಅಲ್ಲಾಡುತ್ತಲೇ ಇರಲಿಲ್ಲ. ಫ್ಯಾನುಗಳ ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ವೈರು ಕಳಚಿಕೊಂಡು ಇಣುಕುತ್ತಿತ್ತು. ಅತ್ತಿಗೆಯೂ ಬಗ್ಗಿ ಅದನ್ನು ನೋಡಿದಳು.

"ನಾನೇ ಬಿಚ್ಚಿದ್ದು," ಎಂದಳು. "ಹಳೇ ಧೂಳು ಇದೆಯಾ ಅಂತ ನೋಡೋಕೆ."

ಅವತ್ತು ಬಾಗಿಲು ಹಾಕಿಕೊಂಡು ಫ್ಯಾನಿನ ಮುಚ್ಚಳ ತೆಗೆದಿದ್ದಳು. ಧೂಳು ಇರಲಿಲ್ಲ. ಮುಚ್ಚುವಾಗ ವೈರು ಸಿಕ್ಕಿಸಲು ಮರೆತಿದ್ದಳು. ಕಾರ್ಡು ತಣ್ಣಗಿರುವಾಗ ಆ ಫ್ಯಾನುಗಳು ಹೇಗೂ ತಿರುಗುವುದಿಲ್ಲವಾದ್ದರಿಂದ ಜೋಡಿಸುವಾಗ ಚಿಪ್ಪಣ್ಣನಿಗೂ ಅದು ತಿಳಿದಿರಲಿಲ್ಲ. ಅಣ್ಣ ಬೈಯಲಿಲ್ಲ. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ. ಅವನು ಬೈದಿದ್ದರೆ ನಮಗೆಲ್ಲ ಎಷ್ಟೋ ಹಗುರಾಗುತ್ತಿತ್ತು.

ಬೆಳಿಗ್ಗೆ ಅತ್ತಿಗೆ ಕಾರ್ಡನ್ನು ಡಬ್ಬಿಗೆ ಹಾಕಿ ನನ್ನನ್ನೂ ಹೊರಡಿಸಿದಳು. ವೈರನ್ನು ಮನೆಯಲ್ಲೇ ಸಿಕ್ಕಿಸಬಹುದಲ್ಲ ಎಂದೆ. ಹೋಗುತ್ತಿರುವುದು ವೈರು ಸಿಕ್ಕಿಸಲಿಕ್ಕಲ್ಲ ಎಂದಳು.

ಅಂಗಡಿಯಲ್ಲಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. "ತಪ್ಪು ನನ್ನದೇ. ಕಳ್ಳನ ಹಾಗೆ ನೋಡಿದೆ ನಿಮ್ಮನ್ನ. ಕ್ಷಮಿಸಿ ಚಿಪ್ಪಣ್ಣ."

ಪರವಾಗಿಲ್ಲ, ನೋಡೋಣ ಎಂದ ಚಿಪ್ಪಣ್ಣ. ಅವನಿಗೆ ಸಿಟ್ಟೇನೂ ಇದ್ದಂತೆ ಕಾಣಲಿಲ್ಲ. ಆದರೆ ಕಾರ್ಡನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇಡಲು ಹೇಳಿ, ಫೋನ್ ತೆಗೆದು ನಾಲ್ಕೂ ಕಡೆಯಿಂದ ಫೋಟೋ ಹೊಡೆದ. ಬಿಚ್ಚಿದ ಸ್ಕ್ರೂಗಳ ಮೇಲಿನ ಗೀರುಗಳದ್ದು ಬೇರೆ ಹೊಡೆದ. ಆಮೇಲೆ ಡ್ರಾಯರಿನಿಂದ ರಸೀದಿ ಪುಸ್ತಕ ಹೊರಗೆ ಬಂತು. ಗಿರಾಕಿ ತಂದಾಗ ಸಾಮಾನು ಯಾವ ಸ್ಥಿತಿಯಲ್ಲಿತ್ತು ಎಂದು ಬರೆದು ಸಹಿ ಹಾಕಿಸಿಕೊಳ್ಳುವ ಪುಸ್ತಕ. ಇಷ್ಟು ವರ್ಷದಲ್ಲಿ ನಮ್ಮ ಮನೆಯ ಯಾವ ಸಾಮಾನಿಗೂ ಅವನು ಅದನ್ನು ತೆಗೆದವನಲ್ಲ. ದಿನವೂ ಇದೇ ಕೆಲಸ ಮಾಡುವ ಅತ್ತಿಗೆಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಕಣ್ಣು ತುಂಬಿತು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇಳಿದುಹೋಗಿ ಬರೀ ಸಂಕಟವಾಯಿತು.

ಚಿಪ್ಪಣ್ಣ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತ ಕೂತ.

"ಹೆಸರು ಹೇಳಿ, ಮೇಡಂ."

ಅತ್ತಿಗೆ ತನ್ನ ಹೆಸರು ಹೇಳಿದಳು. ದನಿ ಏಳಲಿಲ್ಲ. ಅವನು ತಲೆ ಎತ್ತದೆ, ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದ.