ಮನೆಯಲ್ಲಿ ನೆಟ್ ಹಿಡಿಯುವುದಿಲ್ಲ

ಕಾಕಾನ ಬಲ ಭುಜ ಎಡ ಭುಜಕ್ಕಿಂತ ಒಂದು ಬೆರಳಷ್ಟು ಕೆಳಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕಂಪನಿ ಕೊಟ್ಟ ಲ್ಯಾಪ್‌ಟಾಪಿನ ಚೀಲ ಜಗ್ಗಿ ಜಗ್ಗಿ ಇಳಿಸಿದ್ದು. ಶುಕ್ರವಾರ ಸಂಜೆ ನಾಶಿಕದ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಬರುವಾಗ ಹಣೆಯ ವಿಭೂತಿ ಬಸ್ಸಿನ ಧೂಳಿಗೂ ಬೆವರಿಗೂ ಅಳಿಸಿಹೋಗಿರುತ್ತಿತ್ತು. ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಕಾಲು ತೊಳೆದು, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡ ಮೇಲೆಯೇ ಅವರು ಬಾಯಿ ಬಿಡುತ್ತಿದ್ದದ್ದು. ಮತ್ತೆ ಸೋಮವಾರ ನಸುಕಿನವರೆಗೆ ಚೀಲ ಮೊಳೆಯಿಂದ ಇಳಿಯುತ್ತಿರಲಿಲ್ಲ.

ಕಾಕಾ ಅಂದರೆ ಅಪ್ಪನ ತಮ್ಮ. ಬೀದರ್ ಕಡೆಯ ನಾವು ಚಿಕ್ಕಪ್ಪನನ್ನು ಹಾಗೆಯೇ ಕರೆಯುವುದು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ, ಯಂತ್ರಗಳ ಬಿಡಿಭಾಗ ಮಾಡುವ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಅವರಿಗೆ ಕೆಲಸ. ವಾರವೆಲ್ಲ ಅಲ್ಲಿಯ ಬಾಡಿಗೆ ಕೋಣೆ, ಶನಿವಾರ ಭಾನುವಾರ ನಾಶಿಕದ ಮನೆ. ಮನೆಯಲ್ಲಿ ಕಾಕಿ ಮತ್ತು ಮಗಳು; ಕೆಳಗಿನ ಮಹಡಿಯಲ್ಲಿ ನಾವು. ಕಾಕಿ ಲಾತೂರಿನವರು, ಅವರ ಮಾತು ಮರಾಠಿ.

ಆ ಲ್ಯಾಪ್‌ಟಾಪಿಗೆ ಆಫೀಸಿನಲ್ಲಿ ಒಂದು ಗೊತ್ತುಮಾಡಿದ ನಂಬರ್ ಇತ್ತು. ಅಲ್ಲಿಯ ನೆಟ್‌ಗೆ ಆ ನಂಬರ್ ತುಂಬಿದರೇ ಪ್ರವೇಶ. ಅದೇ ನಂಬರ್ ಇಟ್ಟುಕೊಂಡು ಮನೆಯ ವೈಫೈಗೆ ಬಂದರೆ ಏನೂ ತೆರೆಯುವುದಿಲ್ಲ. ಮನೆಗೆ ಬಂದಾಗ ನಂಬರ್ ಅಳಿಸಬೇಕು, ಆಫೀಸಿಗೆ ಹೋದಾಗ ಮತ್ತೆ ತುಂಬಬೇಕು, ಅಷ್ಟೇ. ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಆದರೆ ಕಾಕಾ ಅದನ್ನು ಮಾಡುತ್ತಿರಲಿಲ್ಲ. ಶನಿವಾರ ಸಾಹೇಬರ ಫೋನ್ ಬಂದರೆ ಎದ್ದು ನಿಂತು, ಬಹಳ ಮರ್ಯಾದೆಯಿಂದ, "ಘರೀ ನೆಟ್ ಲಾಗತ್ ನಾಹೀ ಸಾಹೇಬ್" ಎನ್ನುತ್ತಿದ್ದರು. ಮನೆಯಲ್ಲಿ ನೆಟ್ ಹಿಡಿಯುವುದಿಲ್ಲ. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಎಲ್ಲಿತನಕ ಓದಿದ್ವಿ ತಾಯಿ?" ಎಂದು ಕೇಳುತ್ತಿದ್ದರು.

ಓದುತ್ತಿದ್ದದ್ದು ಕನ್ನಡ. ನಾನು ಮರಾಠಿ ಶಾಲೆಯ ಹುಡುಗಿ. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಬಾಯಿ ತೆರೆದರೆ ಮರಾಠಿ ಬರುತ್ತಿತ್ತು. ಅಪ್ಪ ಇಗತಪುರಿಯಲ್ಲಿ ರೈಲ್ವೆ ಕೆಲಸ ಮಾಡಿ ಮನೆಗೆ ಬಂದರೆ ನಿದ್ದೆ ಒಂದೇ ಗೊತ್ತು. ಹಾಗಾಗಿ ನಾನು ಕಾಕಾನ ಪಾಲಿಗೆ ಬಂದೆ. ಊರಿಂದ ಯಾರೇ ಬರಲಿ, ಅವರ ಕೈಯಲ್ಲಿ ಹಳೆಯ ಕನ್ನಡ ಪೇಪರ್ ತರಿಸುತ್ತಿದ್ದರು. ಮೊದಲು ಓದಿಸಿದ್ದು ಶ್ರದ್ಧಾಂಜಲಿಗಳನ್ನು, ಯಾಕೆಂದರೆ ಅವುಗಳ ಅಕ್ಷರ ದೊಡ್ಡದು. ಯಾರ ಯಾರದೋ ಸಾವನ್ನು ನಾನು ತಡವರಿಸುತ್ತ ಓದುವುದು, ಕಾಕಾ ಮಗಳ ಕೂದಲಿಗೆ ಎಣ್ಣೆ ತಿಕ್ಕುತ್ತ, "ಪಾಪ, ಚಲೋ ಮನುಷ್ಯಾ ಇದ್ದನಂತ. ಮುಂದ ಓದು" ಎನ್ನುವುದು. ಮಗಳು, ನನ್ನ ತಂಗಿ, ಆಗಿನ್ನೂ ತೊದಲುತ್ತಿದ್ದಳು. "ಅಕೀದು ಸಾಲಿ ಚಾಲೂ ಆಗ್ಲಿ, ಆಮ್ಯಾಗ ಅಕೀಗೂ ಕಲಸ್ತೀನಿ" ಎಂದು ಕಾಕಾ ಹೇಳುತ್ತಿದ್ದರು.

ಒಂದೇ ಒಂದು ಸಲ ಆ ಚೀಲ ಭಾನುವಾರ ಮೊಳೆಯಿಂದ ಇಳಿಯಿತು. ನನ್ನ ಕಾಲೇಜಿನ ಪ್ರವೇಶಕ್ಕೆ ಅಂದೇ ಕೊನೆಯ ದಿನ, ಹತ್ತಿರದ ಸೈಬರ್ ಕೆಫೆಗೆ ಬೀಗ. ನಾನು ಅಳುತ್ತ ಮೇಲೆ ಓಡಿದೆ. ಕಾಕಾ ಲ್ಯಾಪ್‌ಟಾಪ್ ತೆಗೆದು, ನಂಬರ್ ಅಳಿಸಿ, ಮನೆಯ ವೈಫೈ ಹಿಡಿಸಿ ನನ್ನ ಮುಂದೆ ತಳ್ಳಿದರು. ನನ್ನ ಕೆಲಸ ಮುಗಿದ ಕೂಡಲೇ ಆಫೀಸಿನ ನಂಬರನ್ನು ಬಾಯಿಪಾಠದಿಂದ ತುಂಬಿ, ಮುಚ್ಚಿ, ಮತ್ತೆ ಮೊಳೆಗೆ ಹಾಕಿದರು.

"ಕಾಕಾ, ನಿಮಗ ಬರ್ತದಲ್ರಿ! ಮತ್ತ ಸಾಹೇಬರಿಗೆ ಯಾಕ ಸುಳ್ಳ ಹೇಳ್ತೀರಿ?" ಎಂದೆ.

"ಸುಳ್ಳಲ್ಲ ತಾಯಿ. ಐದು ದಿನ ಅವರದು, ಎರಡು ದಿನ ನಮ್ಮದು. ನಡುವ ಒಂದು ಬಾಗಿಲು ಬೇಕಲ್ಲ? ಯಾರಿಗೂ ಹೇಳಬ್ಯಾಡ" ಎಂದರು.

ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಕಾಕಾ ತಾವೇ ಆ ಬಾಗಿಲನ್ನು ಒಬ್ಬನ ಕೈಗೆ ಒಪ್ಪಿಸಿದರು, ಅದೂ ಊಟಕ್ಕೆ ಕರೆದು.

ಅವರ ಆಫೀಸಿನ ಕಂಪ್ಯೂಟರ್ ಇಂಜಿನಿಯರ್ ಒಬ್ಬ ತ್ರ್ಯಂಬಕೇಶ್ವರದ ದರ್ಶನಕ್ಕೆಂದು ನಾಶಿಕಕ್ಕೆ ಬಂದಿದ್ದ. ಊರಿಗೆ ಬಂದವನನ್ನು ಊಟವಿಲ್ಲದೆ ಕಳಿಸುವುದು ನಮ್ಮ ಕಡೆ ಸಾಧ್ಯವೇ ಇಲ್ಲ. ಶೇಂಗಾ ಹೋಳಿಗೆ, ತುಪ್ಪ, ಎಣ್ಣೆಗಾಯಿ, ಕಡಕ್ ರೊಟ್ಟಿ. ಕಾಕಾ ಪಕ್ಕದಲ್ಲಿ ನಿಂತು, ಬೇಡ ಬೇಡ ಎಂದರೂ ಬಡಿಸಿದರು. ಹೊಟ್ಟೆ ತುಂಬಿದವನಿಗೆ ಉಪಕಾರ ಮಾಡುವ ಮನಸ್ಸು ಬಂತು. ಮೊಳೆಯ ಮೇಲಿನ ಚೀಲ ನೋಡಿ, "ಕಾಕಾ, ಮನೆಯಲ್ಲಿ ನೆಟ್ ಹಿಡಿಯುವುದಿಲ್ಲ ಎನ್ನುತ್ತಿದ್ದಿರಲ್ಲ, ಕೊಡಿ ಇಲ್ಲಿ" ಎಂದು ಮರಾಠಿಯಲ್ಲಿ ಹೇಳಿ ತಾನೇ ಕೈ ಚಾಚಿದ. ಕಾಕಾ ಕಾಕಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಉಂಡ ಅತಿಥಿಯ ಕೈಯಿಂದ ಚೀಲ ಕಿತ್ತುಕೊಳ್ಳುವುದು ಹೇಗೆ? ಅವನು ಬಡೇಸೋಪು ಅಗಿಯುತ್ತ, ಆಫೀಸಿನಲ್ಲಿದ್ದರೆ ಆಫೀಸಿನ ನಂಬರ್, ಮನೆಗೆ ಬಂದರೆ ಮನೆಯದು, ತಾನೇ ಬದಲಾಗುವ ಹಾಗೆ ಮಾಡಿಕೊಟ್ಟ. "ಆತಾ ಟೆನ್ಶನ್ ನಾಹೀ ಕಾಕಾ." ಇನ್ನು ನಿಮಗೆ ಚಿಂತೆಯೇ ಇಲ್ಲವಂತೆ! ಕಾಕಾ ಅವನಿಗೆ ಎರಡೂ ಕೈ ಜೋಡಿಸಿದರು. ನನಗೆ ಇಂದಿಗೂ ಆ ಹೋಳಿಗೆಯ ಮೇಲೆ ಸಿಟ್ಟಿದೆ.

ಮುಂದಿನ ಶನಿವಾರ ಸಾಹೇಬರ ಫೋನ್ ಬಂತು; ನೆಟ್ ಸರಿಯಾದ ಸುದ್ದಿ ಅವರಿಗೂ ಮುಟ್ಟಿತ್ತು, ಕಾಕಾ ಚೀಲವನ್ನು ಮೊಳೆಯಿಂದ ಇಳಿಸಿದರು. ಲ್ಯಾಪ್‌ಟಾಪ್ ಊಟದ ಮೇಜಿಗೆ ಬಂತು, ಬಂದದ್ದು ಅಲ್ಲೇ ಉಳಿಯಿತು. ಒಂದು ಕೊಟೇಶನ್, ಒಂದು ತುರ್ತು ಆರ್ಡರ್, ಒಂದು ಮೀಟಿಂಗ್. ಎಣ್ಣೆಯ ಬಟ್ಟಲು ಹಿಡಿದು ತಂದೆಯ ಪಕ್ಕ ನಿಂತ ತಂಗಿ, ನಿಂತು ನಿಂತು ಸಾಕಾಗಿ, ತಾಯಿಯ ಕಡೆ ಹೋಗುತ್ತಿದ್ದಳು. "ಏಕ್ ಮಿನಿಟ್ ಬಾಳ್," ಒಂದು ನಿಮಿಷ ಮಗೂ, ಎನ್ನುತ್ತಿದ್ದರು ಕಾಕಾ, ಪರದೆಯಿಂದ ಕಣ್ಣು ತೆಗೆಯದೆ. ಅವಸರದಲ್ಲಿ ಮಗಳೊಂದಿಗೂ ಮರಾಠಿಯೇ ಬರತೊಡಗಿತ್ತು. ತಂಗಿಯ ಶಾಲೆ ಶುರುವಾಯಿತು, ಹೈಸ್ಕೂಲೂ ಬಂತು. ಕಾಕಾ "ಆಮ್ಯಾಗ" ಎಂದಿದ್ದ ಆ ಆಮೇಲೆ ಬರಲೇ ಇಲ್ಲ. ಕಾಕಾ ಗಟ್ಟಿಯಾಗಿ ಬೇಡ ಎಂದಿದ್ದರೆ ಏನಾಗುತ್ತಿತ್ತು? ಬೇಡ ಎನ್ನುವ ಗಂಟಲೇ ಆ ಮನುಷ್ಯನಿಗೆ ಇರಲಿಲ್ಲ. ಇದ್ದದ್ದು ಒಂದು ಸಣ್ಣ ನೆಪ, ಅದನ್ನೂ ಕಳೆದುಕೊಂಡರು.

ಆಫೀಸಿನ ಕುರ್ಚಿಯಲ್ಲೇ ಕಾಕಾನಿಗೆ ಪಾರ್ಶ್ವವಾಯು ಹೊಡೆಯಿತು. ನಿಫಾಡ್, ವೈಜಾಪುರ ದಾಟಿ ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವರಿಗೆ ಎಚ್ಚರವಿತ್ತು, ಆ ಬಲ ಭುಜ ಪೂರ್ತಿ ಸೋತಿತ್ತು. ಮತ್ತು ಮರಾಠಿ ಹೋಗಿತ್ತು. ಇಷ್ಟು ವರ್ಷ ಸಾಹೇಬರಿಗೆ, ವ್ಯಾಪಾರಿಗಳಿಗೆ, ಹೆಂಡತಿಗೆ, ಮಗಳಿಗೆ ಆಡಿದ ಮರಾಠಿಯಲ್ಲಿ ಒಂದು ಶಬ್ದವೂ ನಾಲಿಗೆಗೆ ಬರುತ್ತಿರಲಿಲ್ಲ, ಕೇಳಿದರೂ ತಿಳಿಯುತ್ತಿರಲಿಲ್ಲ. ಉಳಿದದ್ದು ಬೀದರಿನ ಕನ್ನಡ. ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು.

ಅಪ್ಪ ತಮ್ಮನನ್ನು ಹಾಗೆ ನೋಡಲಾರದೆ ಹೊರಗೆ ಬೆಂಚಿನ ಮೇಲೆ ಕೂತುಬಿಟ್ಟರು. ಕಾಕಿ ಔಷಧಿ, ಕಾಗದಪತ್ರ ಎಂದು ಓಡಾಡುತ್ತಿದ್ದರು. ಒಳಗೆ ತಂದೆ ಮಗಳ ನಡುವೆ ನಾನು. "ತೆಲಿ ಯಾಕ ಹಿಕ್ಕೊಂಡಿಲ್ಲ ಇಕಿ?" ಎನ್ನುವರು ಕಾಕಾ. "ಪಪ್ಪಾ ಕಾಯ್ ಮ್ಹಣತಾಯತ್?" ಎಂದು ತಂಗಿ ನನ್ನ ತೋಳು ಹಿಡಿದು ಕೇಳುವಳು. ತಲೆ ಯಾಕೆ ಬಾಚಿಕೊಂಡಿಲ್ಲ ಎಂದು ಕೇಳುತ್ತಿದ್ದಾರೆ ಎಂದು ನಾನು ಮರಾಠಿಯಲ್ಲಿ ಹೇಳುವೆ. ಅವಳು ಅತ್ತುಕೊಂಡು ಹೇಳಿದ್ದನ್ನು ಮತ್ತೆ ಕನ್ನಡಕ್ಕೆ ತಂದು ಕಾಕಾನಿಗೆ ಕೊಡುವೆ. ಮಗಳ ಮಾತು ತಂದೆಗೆ ಪರರ ಬಾಯಿಂದ ಬರಬೇಕಾದ ಹಣೆಬರಹ ಯಾರಿಗೂ ಬೇಡ.

ಆಫೀಸಿನಿಂದ ಒಬ್ಬರು ಸೇಬು ಹಿಡಿದುಕೊಂಡು ಬಂದರು. ಆರೋಗ್ಯ ವಿಚಾರಿಸಿ, ತುಸು ಕೆಮ್ಮಿ, ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬೇಕಿತ್ತು, ಕೆಲಸ ನಿಂತಿದೆ ಎಂದರು. ನನಗೆ ಮೈ ಉರಿಯಿತು. ಆದರೂ ಬಾಗಿ ಕಾಕಾನನ್ನು ಕೇಳಿದೆ. ಅವರು ಆ ಮನುಷ್ಯನನ್ನು ನೋಡಿದರು. ಸೊಟ್ಟಗಾದ ತುಟಿ ಅಲ್ಲಾಡಿತು.

"ಮನಿಯಾಗ ನೆಟ್ ಹಿಡಿಯೂದಿಲ್ಲ ಅಂತ ಹೇಳು."

ನಾನು ಅಕ್ಷರವೂ ಬಿಡದೆ ಅದನ್ನು ಮರಾಠಿಯಲ್ಲಿ ಹೇಳಿದೆ. ಅವರು ಸೇಬು ಇಟ್ಟು ಹೋದರು.

ಸಂಜೆ ಕಾಕಾ ಮಗಳ ಕಡೆ ತಿರುಗಿ ತಾವಾಗಿಯೇ ಕೇಳಿದರು. "ಇವತ್ತ ಐತಾರ ಏನು?"

ಐತಾರ ಎಂದರೆ ಭಾನುವಾರ ಎಂದು ತಂಗಿಗೆ ಯಾರೂ ಹೇಳಬೇಕಾಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ಹೌದ್ ಪಪ್ಪಾ" ಎಂದಳು, ಕನ್ನಡದಲ್ಲಿ. ಅಂದು ಬುಧವಾರ. ಕಾಕಾ ಎಡಗೈ ಎತ್ತಿ ಅವಳ ಕೂದಲ ಮೇಲೆ ಇಟ್ಟರು. ಮರುದಿನ ಅವರಿರಲಿಲ್ಲ.

ಕಾಕಾನ ಶ್ರದ್ಧಾಂಜಲಿ ಮರಾಠಿ ಪೇಪರಿನಲ್ಲಿ ಬಂತು. ನೋಡಿದಾಗ ನನಗೆ ಓದಲು ಮನಸ್ಸಾಗಲಿಲ್ಲ. ಅವರು ನನಗೆ ಅಕ್ಷರ ಕಲಿಸಿದ್ದು ಬೇರೆಯದರಲ್ಲಿ. ಅದಕ್ಕೇ ಇದನ್ನು ಬರೆದೆ. ಮಗಳಿಗೆ ಸೇರಬೇಕಾಗಿದ್ದ ಭಾನುವಾರಗಳೆಲ್ಲ ನನಗೆ ಸಿಕ್ಕವು, ಈ ಋಣ ಯಾರಿಗೆ ತೀರಿಸಲಿ? ತಂಗಿ ಮೇಲಿನ ಮನೆಯಲ್ಲಿ ಕಾಯುತ್ತಿದ್ದಾಳೆ. ಈ ಹಾಳೆಗಳನ್ನು ತೆಗೆದುಕೊಂಡು ಹೋಗಿ, ಅವಳ ಅಪ್ಪನ ಬಗ್ಗೆ ನಾನು ಏನು ಬರೆದಿದ್ದೇನೆಂದು ಅವಳಿಗೆ ಓದಿ ಹೇಳಬೇಕು, ಮರಾಠಿಯಲ್ಲಿ.