ಪರ್ಸಿಯ ಒಳಮೈ

ತುರುವೇಕೆರೆ ಕಡೆಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ನಾನು ಬಂದದ್ದು ಎಂಬತ್ತರ ಆಸುಪಾಸಿನಲ್ಲಿ, ಗುಲ್ಬರ್ಗ ಸೀಮೆಯಿಂದ. ನನ್ನ ಕನ್ನಡ ಕೇಳಿ ದಬ್ಬೇಘಟ್ಟದ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಹಾಗಾಗಿ ಮಾತೇ ಕಡಿಮೆ ಮಾಡಿದೆ. ಬಾಡಿಗೆ ಕೋಣೆಯ ಮೇಲೆ ಮನೆಯವರ ಅಟ್ಟ. ಅಲ್ಲಿ ಕೊಬ್ಬರಿಯಾಗಲೆಂದು ಹರವಿದ್ದ ಕಾಯಿಗಳನ್ನು ವರ್ಷದವರೆಗೆ ಯಾರೂ ಅಲುಗಿಸುತ್ತಿರಲಿಲ್ಲ. ನನ್ನನ್ನೂ ಹಾಗೇ ಬಿಟ್ಟಿದ್ದಾರೆ ಅಂತ ನನಗೆ ಸಿಟ್ಟು.

ಊರಿನಿಂದ ನಾನು ತಂದದ್ದು ಒಂದು ಕಲ್ಲು. ನಮ್ಮ ಕಡೆ ನೆಲಕ್ಕೆ ಹಾಸುವ ಪರ್ಸಿಯ ಗೇಣಗಲದ ತುಂಡು. ಅವ್ವ ಅದನ್ನು ನೀರಿನ ಗಡಿಗೆಗೆ ಮುಚ್ಚುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಅಣ್ಣಂದಿರು ಪಾತ್ರೆಗಳನ್ನು ಹಂಚಿಕೊಂಡರು, ನಾನು ಮುಚ್ಚಳ ಎತ್ತಿಕೊಂಡು ಬಂದೆ.

ಒಂಬತ್ತನೇ ತರಗತಿಗೆ ಶಿಲೆಗಳ ಪಾಠ ಬಂತು. ಅಗ್ನಿಶಿಲೆ ತನ್ನಿ ಅಂದರೆ ಮಕ್ಕಳು ತೋಟದ ಬದುವಿನಿಂದ, ಬಾವಿ ತೋಡಿದ ಗುಡ್ಡೆಯಿಂದ ಚೀಲದ ತುಂಬ ಕರಿಕಲ್ಲು ಹೊತ್ತು ತಂದರು. ಪದರುಶಿಲೆ ಯಾರಿಗೂ ಸಿಗಲಿಲ್ಲ. ನಾನೇ ಅವ್ವನ ಮುಚ್ಚಳ ಒಯ್ದೆ. ಎರಡನ್ನೂ ಮೇಜಿನ ಮೇಲಿಟ್ಟು ಹೇಳಿದೆ: ನಿಮ್ಮದು ನೆಲದೊಳಗೆ ಕರಗಿದ್ದು ಆರಿ ಗಟ್ಟಿಯಾದದ್ದು, ಹರಳುಗಳು ಒಂದನ್ನೊಂದು ಕಚ್ಚಿಕೊಂಡಿವೆ. ನನ್ನದು ನೀರಿನ ತಳದಲ್ಲಿ ಕೆಸರು ಪದರ ಪದರವಾಗಿ ಕೂತು ಆದದ್ದು. ಲ್ಯಾಬಿನ ಆಸಿಡ್ ಒಂದು ಹನಿ ಬಿಟ್ಟರೆ ಅವರ ಕಲ್ಲು ಸುಮ್ಮನಿತ್ತು, ನನ್ನದು ಬುಸುಬುಸು ನೊರೆ ಉಕ್ಕಿಸಿತು. ಮಕ್ಕಳು ನಕ್ಕರು. ಎಷ್ಟೋ ದಿನದ ಮೇಲೆ ನಾನೂ ನಕ್ಕೆ.

ಮನೆಗೆ ಬಂದು ಪರ್ಸಿಯನ್ನು ತೊಳೆದು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಣಗಲು ಇಟ್ಟೆ. ಅವತ್ತು ಶುಕ್ರವಾರ. ಮನೆಯ ಯಜಮಾನಿ ಪೂಜೆಯ ಕಾಯಿ ಹಿಡಿದು ಬಂದವರು ಅದರ ಮೇಲೇ ಹೊಡೆದರು. ಆ ಸೀಮೆಯಲ್ಲಿ ಕಣ್ಣಿಗೆ ಬಿದ್ದ ಕಲ್ಲಿಗೆ ಕಾಯಿ ಹೊಡೆಯಬಹುದು, ಕಲ್ಲಿಗೆ ಏನೂ ಆಗುವುದಿಲ್ಲ. ಸದ್ದು ಕೇಳಿ ನಾನು ಓಡಿಬರುವಷ್ಟರಲ್ಲಿ ಪರ್ಸಿ ಎರಡು ಹಾಳೆಯಾಗಿ ಬಿಚ್ಚಿಕೊಂಡಿತ್ತು.

“ಕಾಯಿಗೆ ಕಲ್ಲು ಒಡ್ಯೋದ ನಾನು ಕಂಡೇ ಇಲ್ಲ ಕಣ್ರೀ, ಮೇಡಮ್ಮೋರೆ,” ಅಂದರು. ಪಾಪ, ಬೆಪ್ಪಾಗಿ ನಿಂತಿದ್ದರು.

“ನಮ್ಮವ್ವಂದ್ರೀ ಅದು,” ಅಂದೆ. ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು, ಅದರ ಬೆನ್ನಿಗೇ ಅಳು.

ಅವರು ಕಾಯಿಹೋಳುಗಳನ್ನು ಪಕ್ಕಕ್ಕಿಟ್ಟು, ಚೆಲ್ಲಿದ್ದ ನೀರನ್ನು ಸೆರಗಿನಿಂದ ಒರೆಸಿದರು. ಕಲ್ಲಿನ ಒಳಮೈ ತಿಳಿಬೂದಿ ಬಣ್ಣಕ್ಕಿತ್ತು. ಮೇಲಿನ ಕಲೆ, ಗೀರು ಒಂದೂ ಅಲ್ಲಿರಲಿಲ್ಲ. ಅವರು ಅದರ ಮೇಲೆ ಅಂಗೈ ಆಡಿಸಿದರು.

“ಎಷ್ಟು ನಯವಾಗೈತೆ. ನಿಮ್ಮವ್ವ ಇದ್ನ ನೋಡಿದ್ರಾ?”

ನಾನು ಬಂದು ವರ್ಷದ ಮೇಲಾಗಿತ್ತು. ಅವ್ವನ ಬಗ್ಗೆ ಒಬ್ಬರು ಕೇಳಿದ್ದು ಅದೇ ಮೊದಲು.

“ಇಲ್ರೀ. ಯಾರೂ ನೋಡಿಲ್ಲ,” ಅಂದೆ.

ಅವ್ವ ದಿನವೂ ಎತ್ತಿ ಇಟ್ಟ ಕಲ್ಲು. ಅದರ ಒಳಗನ್ನು ಮೊದಲು ಕಂಡದ್ದು ನಾವಿಬ್ಬರು. ಇದನ್ನು ಅವ್ವನಿಗೇ ಹೇಳಬೇಕು ಅನ್ನಿಸಿ ಸಂಕಟವಾಯಿತು. ಯಜಮಾನಿ ಇನ್ನೇನೋ ಕೇಳುವವರಿದ್ದರು, ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು, ಎದ್ದು ಹೋದರು.

ಎರಡು ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಗಡಿಗೆಗೆ ಮುಚ್ಚಿದೆ. ಎತ್ತುವಾಗ ಮೇಲಿನದು ಜಾರುತ್ತಿತ್ತು. ಅವ್ವ ಒಂದೇ ಕೈಯಲ್ಲಿ ಎತ್ತುತ್ತಿದ್ದ ಮುಚ್ಚಳಕ್ಕೆ ನನಗೆ ಎರಡೂ ಕೈ ಬೇಕಾದವು. ಚೊಂಬು ಹಿಡಿದುಕೊಳ್ಳಲು ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ.