ಹಾಜರಿ ಪುಸ್ತಕದ ಪ್ರಕಾರ ನಾನು ಆಫ್ರಿಕಾದಲ್ಲಿದ್ದೆ

ಮಂಗಳವಾರ, ಮಧ್ಯಾಹ್ನ ನಾಲ್ಕೂಕಾಲು. ಅರಸೀಕೆರೆ ಜಂಕ್ಷನ್ನಿನ ಎರಡನೆಯ ಪ್ಲಾಟ್‌ಫಾರಂ, ನೀರಿನ ನಲ್ಲಿಯಿಂದ ನಾಲ್ಕು ಹೆಜ್ಜೆ ಈಚೆ. ನಾನು ನಿಂತಿದ್ದು ಅಲ್ಲಿ. ಎಡಗೈಯಲ್ಲಿ ಹಾಸಿಗೆ ಸುರುಳಿ, ಕಾಲ ಬಳಿ ಟ್ರಂಕು. ಹುಬ್ಬಳ್ಳಿ ಕಡೆಯಿಂದ ನನ್ನನ್ನು ತಂದ ರೈಲು ಇನ್ನೂ ಹೊರಟಿರಲಿಲ್ಲ.

ಇಷ್ಟು ಖಚಿತವಾಗಿ ಏಕೆ ಬರೆಯುತ್ತಿದ್ದೇನೆಂದರೆ, ನಮ್ಮ ಹೈಸ್ಕೂಲಿನ ಕಾಗದಪತ್ರಗಳ ಪ್ರಕಾರ ಆ ಹೊತ್ತಿನಲ್ಲಿ ನಾನು ಆಫ್ರಿಕಾದಲ್ಲಿ ರೇಖಾಗಣಿತ ಹೇಳಿಕೊಡುತ್ತಿದ್ದೆ. ಅದಾದ ಮೇಲೆ ಮೂರು ತಿಂಗಳು ಹಾಗೆಯೇ ಹೇಳಿಕೊಡುತ್ತಲೂ ಇದ್ದೆ. ಅರಸೀಕೆರೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗಲೂ!

ಅದಕ್ಕೆ ಹದಿನಾಲ್ಕು ತಿಂಗಳ ಹಿಂದೆ ಇದೇ ಊರು ನನ್ನನ್ನು ಕಳಿಸಿಕೊಟ್ಟಿತ್ತು. ಎರಡು ವರ್ಷದ ಕಾಂಟ್ರ್ಯಾಕ್ಟ್. ಅಲ್ಲಿಯವರೆಗೆ ನಮ್ಮ ಸ್ಕೂಲಿನ ಮೇಷ್ಟ್ರೊಬ್ಬರು ಹೋದ ಅತಿ ದೂರದ ಊರೆಂದರೆ ಮದರಾಸು. ಹೀಗಾಗಿ ಬೀಳ್ಕೊಡುಗೆ ಜೋರಾಗಿಯೇ ನಡೆಯಿತು. ಗುಲಾಬಿ ಹಾರ, ಫಲತಾಂಬೂಲ, ಗ್ರೂಪ್ ಫೋಟೋ. "ನಮ್ಮ ರಂಗನಾಥ ಮೇಷ್ಟ್ರು ಕತ್ತಲ ಖಂಡಕ್ಕೆ ಬೆಳಕು ಒಯ್ಯುತ್ತಿದ್ದಾರೆ" ಎಂದರು ಹೆಡ್ಮಾಸ್ಟರು. (ಅವರು ಹಾಗೆನ್ನುವಾಗಲೇ ಕರೆಂಟು ಹೋಯಿತು. ಉಳಿದ ಭಾಷಣ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಆಯಿತು.)

ಹಾರ ಹಾಕಿಸಿಕೊಂಡು ಹೋದವನಿಗೆ ಒಂದು ಅಲಿಖಿತ ಕರಾರು ಇರುತ್ತದೆ. ಅವನು ಹೇಳಿದಷ್ಟು ದಿನ ಅಲ್ಲಿಯೇ ಇರಬೇಕು. ಮೊದಲೇ ಬಂದರೆ ಅವನು ಊರಿಗೆ ಮೋಸ ಮಾಡಿದ ಹಾಗೆ. ನನಗೆ ಅದು ಬಂದ ಮೇಲೆ ತಿಳಿಯಿತು.

ಪ್ಲಾಟ್‌ಫಾರಂನಲ್ಲಿ ನನ್ನನ್ನು ಮೊದಲು ನೋಡಿದವನು ಪುಟ್ಟಸ್ವಾಮಿ. ಬಿಕ್ಕೋಡಿನವನು, ಬಿ.ಎಸ್ಸಿ. ಮಾಡಿದ್ದಾನೆ. ನಾನು ಹೋದಮೇಲೆ ನನ್ನ ಜಾಗಕ್ಕೆ ತಾತ್ಕಾಲಿಕವಾಗಿ ಬಂದವನು. ನಾನು ಬರುವವರೆಗೆ ಅವನಿಗೆ ಕೆಲಸ; ಬಂದ ದಿನ ಇಲ್ಲ. ಅಂದು ಯಾರನ್ನೋ ರೈಲು ಹತ್ತಿಸಲು ಬಂದಿದ್ದ. ನನ್ನನ್ನು ಕಂಡು ನಗುತ್ತಲೇ ಓಡಿಬಂದ.

"ಸಾರ್! ರಜಾ ಕೊಟ್ರಾ?"

"ಇಲ್ಲ ಪುಟ್ಟಸ್ವಾಮಿ. ಬಿಟ್ಟು ಬಂದೆ."

ಅವನ ನಗು ಒಮ್ಮೆಗೇ ಹೋಗಲಿಲ್ಲ. ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿಯಿತು, ಯಜಮಾನರು ಹೋದ ಮೇಲೂ ಜಗುಲಿಯಲ್ಲಿ ಉಳಿದ ಚಪ್ಪಲಿಯ ಹಾಗೆ. ಆಮೇಲೆ ಬಗ್ಗಿ ನನ್ನ ಟ್ರಂಕು ಎತ್ತಿಕೊಂಡ. ನಾನು ಬೇಡವೆಂದರೂ ಜಟಕಾದವರೆಗೆ ಹೊತ್ತ. ಜಟಕಾ ಹೊರಡುವಾಗ, ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ: "ನಮ್ಮನೇಲಿ ಏಳ್ನೇ ತಿಂಗ್ಳು ಸಾರ್."

ಬಂದ ಮೂರು ದಿನ ಊರು ನನ್ನನ್ನು ವಿಚಾರಿಸಿಕೊಂಡಿತು. ಬೇಲೂರಿನಿಂದ ನನ್ನ ಮಾವನವರು ಮೊದಲನೆಯ ಬಸ್ಸಿಗೇ ಬಂದಿಳಿದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸ್ವರ ತಗ್ಗಿಸಿ ಕೇಳಿದರು: "ಅಳಿಯಂದ್ರೇ, ನಮ್ಮ ನಮ್ಮಲ್ಲೇ ಇರ್ಲಿ. ಅವ್ರೇ ಕಳಿಸಿದ್ರಾ?"

"ಇಲ್ಲ ಮಾವ, ನಾನೇ..."

"ಆಯ್ತು ಆಯ್ತು. ನಾನು ಯಾರಿಗೂ ಹೇಳಲ್ಲ."

ಪಕ್ಕದ ಮನೆಯವರು ಅನ್ನ ಸಿಗಲಿಲ್ಲವೆಂದು ತೀರ್ಮಾನಿಸಿದರು. ಅಂಚೆ ಕಚೇರಿಯಲ್ಲಿ ಹುಲಿಗೆ ಹೆದರಿ ಬಂದೆನೆಂದು ಸುದ್ದಿ. (ಆಫ್ರಿಕಾದಲ್ಲಿ ಹುಲಿಯಿಲ್ಲ. ಇದನ್ನು ಯಾರಿಗೆ ಹೇಳುವುದು?) ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಮಾತ್ರ ನೇರವಾಗಿ ಕೇಳಿದರು: "ಮೇಷ್ಟ್ರೇ, ಆ ಕಡೆ ಕೊಬ್ಬರಿಗೆ ಗಿರಾಕಿ ಹೆಂಗೈತೆ?" ನಾನಿದ್ದ ಬೆಟ್ಟದ ಸೀಮೆಯಲ್ಲಿ ತೆಂಗಿನ ಮರವೇ ಇರಲಿಲ್ಲ ಎಂದೆ. "ಮತ್ತೆ ಬಂದಿದ್ದೇ ಒಳ್ಳೇದಾಯ್ತು ಬಿಡಿ" ಎಂದರು. ಊರಿನಲ್ಲಿ ನಾನು ಬಂದದ್ದಕ್ಕೆ ಸಂತೋಷಪಟ್ಟವರು ಅವರೊಬ್ಬರೇ.

ಗಮನಿಸಿ: ಎಲ್ಲರೂ ಕಾರಣ ಕೊಟ್ಟರು. ಕಾರಣ ಕೇಳಿದವರು ಯಾರು?

ಆದ್ದರಿಂದ ಇಲ್ಲಿ ಬರೆಯುತ್ತೇನೆ. ನಾನು ಕಂಡಷ್ಟು ಮಾತ್ರ.

ಆ ದೇಶದ ಹೆಸರು ಬೇಡ. ನನ್ನ ವಿದ್ಯಾರ್ಥಿಗಳು ಅಲ್ಲಿದ್ದಾರೆ. ಅದು ದೊಡ್ಡ ಹುಡುಗರ ಕೊನೆಯ ವರ್ಷದ ತರಗತಿ. ಎರಡನೆಯ ಪೀರಿಯಡ್ಡು, ಒಂಬತ್ತು ಇಪ್ಪತ್ತು. ನಾನು ಬೋರ್ಡಿನ ಎಡಗಡೆ ನಿಂತು ತ್ರಿಕೋನ ಬರೆಯುತ್ತಿದ್ದೆ; ಎರಡು ಬಾಹು ಆಗಿದ್ದವು. ಬಾಗಿಲಿಗೆ ಇಬ್ಬರು ಪೊಲೀಸರು ಬಂದರು. ಒಬ್ಬನ ಕೈಯಲ್ಲಿ ಚೀಟಿ. ಆರು ಹೆಸರು ಓದಿದ. ಆರು ಜನ ಎದ್ದರು. ಅದರಲ್ಲಿ ಒಬ್ಬ, ಕಿಟಕಿಯ ಪಕ್ಕದವನು, ಹೋಗುವ ಮೊದಲು ತನ್ನ ಮಸಿಕುಡಿಕೆಯ ಮುಚ್ಚಳ ತಿರುಗಿಸಿ ಭದ್ರ ಮಾಡಿದ. ಆಮೇಲೆ ಹೋದ. ಹಿಂದಿನ ವಾರ ಅವರೆಲ್ಲ ಮೆರವಣಿಗೆಯಲ್ಲಿ ನಡೆದಿದ್ದರಂತೆ. ನಾನು ಅದನ್ನು ನೋಡಿಲ್ಲ.

ನಾನು ಏನು ಮಾಡಿದೆ? ಮೂರನೆಯ ಬಾಹು ಎಳೆದೆ. ಏನೂ ಕೇಳಲಿಲ್ಲ. ಪ್ರಮೇಯ ಮುಗಿಸಿದೆ.

ಮಾರನೆಯ ದಿನ ಆ ಸ್ಕೂಲಿನ ಮುಖ್ಯಸ್ಥರಾದ ಡೈರೆಕ್ಟರು ಹಾಜರಿ ಪುಸ್ತಕ ತಂದು, ಆ ಆರು ಹೆಸರುಗಳ ಮುಂದೆ 'ಸ್ವಇಚ್ಛೆಯಿಂದ ಶಾಲೆ ಬಿಟ್ಟರು' ಎಂದು ಬರೆಯಲು ಹೇಳಿದರು. ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಕೊಟ್ಟೇ ಹೇಳಿದರು. ನಾನು 'ತರಗತಿಯಿಂದ ಕರೆದೊಯ್ದರು, 9.20' ಎಂದು ಬರೆದೆ. ಅವರು ಓದಿದರು, ಆ ಹಾಳೆಯನ್ನು ಹರಿದರು, ಹೊಸ ಹಾಳೆಯಲ್ಲಿ ತಾವೇ ಬರೆದುಕೊಂಡರು. ಕೋಪ ಕೂಡ ಮಾಡಲಿಲ್ಲ. ಆಮೇಲೆ ಪ್ರತಿದಿನ ಆ ಹಾಳೆ ನೋಡಿ, ಆ ಆರು ಹೆಸರು ಬಿಟ್ಟು, ಹಾಜರಿ ಕೂಗಬೇಕಾಗಿತ್ತು. ಐದು ವಾರ ಕೂಗಿದೆ. ಆರನೆಯ ವಾರ ರಾಜೀನಾಮೆ ಕೊಟ್ಟೆ. ಇದು ಶೌರ್ಯವಲ್ಲ. ಶೌರ್ಯವಿದ್ದಿದ್ದರೆ ಐದು ವಾರ ಏಕೆ?

ಇಷ್ಟನ್ನು ಹೇಳಲು ನಾಲ್ಕನೆಯ ದಿನ ಹೆಡ್ಮಾಸ್ಟರ ಕೋಣೆಗೆ ಹೋದೆ. ನನ್ನ ತಲೆಯ ಮೇಲೆಯೇ ಗ್ರೂಪ್ ಫೋಟೋ, ಹಾರದೊಳಗೆ ನಾನು.

"ನಾಳೆ ಜಾಯಿನ್ ಆಗ್ತೀನಿ ಸಾರ್."

"ಹ್ಯಾಗ್ರೀ ಆಗ್ತೀರಿ? ನೀವು ಆಫ್ರಿಕಾದಲ್ಲಿದ್ದೀರಲ್ಲ!"

"ಇಲ್ಲೇ ಕೂತಿದೀನಲ್ಲ ಸಾರ್."

"ಅದು ನನಗೆ ಕಾಣ್ಸುತ್ತೆ ಕಣ್ರೀ. ಫೈಲಿಗೆ ಕಾಣ್ಸೋದಿಲ್ವಲ್ಲ. ಎರಡು ವರ್ಷಕ್ಕೆ ರಜ ಮಂಜೂರಾಗಿದೆ. ಇನ್ನು ಹತ್ತು ತಿಂಗಳು ನೀವು ಅಲ್ಲೇ."

ದಾರಿ ಇಲ್ಲವೇ ಎಂದೆ. ಇದೆ ಎಂದರು. ಡಾಕ್ಟರ ಸರ್ಟಿಫಿಕೇಟು ತಂದರೆ ಮಾರನೆಯ ದಿನವೇ ನನ್ನ ಕುರ್ಚಿ ನನಗೆ. 'ಉಷ್ಣವಲಯದ ಹವೆ ಒಗ್ಗಲಿಲ್ಲ' ಎಂದಿದ್ದರೆ ಸಾಕು. ನಾನಿದ್ದ ಊರು ಬಾಬಾಬುಡನ್‌ಗಿರಿಗಿಂತ ತಣ್ಣಗಿತ್ತು. ಅಲ್ಲಿ ಮೇ ತಿಂಗಳಲ್ಲಿಯೂ ನಾನು ಉಲ್ಲನ್ ಕೋಟು ಹಾಕಿದ್ದೆ. ಅದನ್ನು ಹೇಳಿದೆ. ಹೆಡ್ಮಾಸ್ಟರು ನೊಂದುಕೊಂಡರು. "ನಿಜ ಹೇಳೋ ಚಪಲ ನಿಮ್ದು. ಕಾರಣ ಅಂದ್ರೆ ಫಾರಂನಲ್ಲಿ ಹಿಡಿಸೋ ಹಾಗಿರ್ಬೇಕು ರಂಗನಾಥ್."

ಅಂದು ಸಂಜೆ ಪುಟ್ಟಸ್ವಾಮಿ ಮನೆಗೆ ಬಂದ. ಜಗುಲಿಯ ತುದಿಯಲ್ಲಿ ಕೂತ. ನನ್ನ ಹೆಂಡತಿ ಕಮಲ ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟ.

"ಸರ್ಟಿಫಿಕೇಟು ತಕಂಡ್ರಾ ಸಾರ್?"

"ಇನ್ನೂ ಇಲ್ಲ."

"ಜಾಗ ನಿಮ್ದೇ. ನಾನು ಇಲ್ಲ ಅನ್ನಲ್ಲ. ಇನ್ನೊಂದ್ ಮೂರು ತಿಂಗ್ಳು... ಹೆರಿಗೆ ಆಗೋವರ್ಗೂ. ಹೋದ ಸಲದ್ದು ಉಳೀಲಿಲ್ಲ ಸಾರ್. ಈ ಸಲ ದೊಡ್ಡಾಸ್ಪತ್ರೆ ಹತ್ರ ಇರ್ಬೇಕು ಅಂದವ್ರೆ. ಕೆಲ್ಸ ಹೋದ್ರೆ ಬಿಕ್ಕೋಡ್ಗೆ ಹೋಗ್ಬೇಕು. ಅಲ್ಲಿ ರಾತ್ರಿ ಜೀಪ್ ಸಿಕ್ಕಿದ್ರುಂಟು, ಇಲ್ದಿದ್ರಿಲ್ಲ."

ನಾನು ಕಮಲಳ ಮುಖ ನೋಡಿದೆ. ಅವಳು ಬಾಗಿಲ ಹಿಂದಿನಿಂದಲೇ ತೀರ್ಪು ಕೊಟ್ಟಳು: "ಮೂರು ತಿಂಗಳು ನೀವು ಬಂದಿಲ್ಲ ಅಂದ್ಕೋತೀನಿ ಬಿಡಿ. ಹದಿನಾಲ್ಕು ತಿಂಗಳು ಅಭ್ಯಾಸ ಆಗಿದೆ."

ನೋಡಿ, ಆರು ಜನರ ಬಗ್ಗೆ ಸುಳ್ಳು ಹಾಜರಿ ಕೂಗಲಾರದೆ ಸಮುದ್ರ ದಾಟಿ ಬಂದವನು ನಾನು. ಬಂದ ನಾಲ್ಕೇ ದಿನಕ್ಕೆ ನನ್ನದೇ ಸುಳ್ಳು ಗೈರುಹಾಜರಿಗೆ ತಲೆಯಾಡಿಸಿದೆ. ತಪ್ಪೋ ಸರಿಯೋ? ಆ ಹೊತ್ತಿನಲ್ಲಿ ಸರಿ ಎನಿಸಿತು.

ಗೈರುಹಾಜರಾಗುವುದು ಸುಲಭವಲ್ಲ. "ಸೊಪ್ಪಿನವಳಿಗೆ ಏನ್ ಹೇಳ್ಲಿ? ನಿನ್ನೆ ಅವಳ ಹತ್ರ ನೀವೇ ಚೌಕಾಸಿ ಮಾಡಿದ್ರಿ" ಎಂದಳು ಕಮಲ. ಊರು ಮಾತ್ರ ಉದಾರವಾಗಿ ಸಹಕರಿಸಿತು. ಬೀದಿಯಲ್ಲಿ ಎದುರಾದವರು, "ಓಹೋ, ನೀವು ಇಲ್ಲ ಅಲ್ವಾ?" ಎಂದು ಕೇಳಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನೊಡನೆ ಹರಟೆಗೆ ನಿಲ್ಲುತ್ತಿದ್ದರು. ಕೊನೆಗೆ ಸ್ಕೂಲಿನ ತಪಾಸಣೆ ಹತ್ತಿರ ಬಂತೆಂದು ಹೆಡ್ಮಾಸ್ಟರು ನನ್ನನ್ನು ಹಳೇಬೀಡಿಗೆ, ನನ್ನ ಅಕ್ಕನ ಮನೆಗೆ, ಓಡಿಸಿದರು. "ಇನ್‌ಸ್ಪೆಕ್ಟರು ಅರಸೀಕೆರೆ ನೋಡ್ಕೊಂಡು ಹೋಗ್ಲಿ, ಆಮೇಲೆ ಬನ್ನಿ."

ಆದರೆ ಅರಸೀಕೆರೆಯನ್ನಷ್ಟೇ ನೋಡಿಕೊಂಡು ಹೋಗುವ ಇನ್‌ಸ್ಪೆಕ್ಟರು ಎಲ್ಲಿದ್ದಾರೆ?

ತಪಾಸಣೆ ಮುಗಿದ ಮಾರನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರು. ದೇವಸ್ಥಾನದ ಮುಂದೆ, ದೊಡ್ಡ ನಂದಿಯ ಮಂಟಪದ ನೆರಳಲ್ಲಿ ನಾನು ನಿಂತಿದ್ದೆ. ಕೊಬ್ಬರಿ ಸಾಹುಕಾರರ ಕಾರು ಬಂತು. ಇಳಿದವರು ಮೂವರು: ಇನ್‌ಸ್ಪೆಕ್ಟರು, ಹೆಡ್ಮಾಸ್ಟರು, ಊಟದ ಕ್ಯಾರಿಯರ್ ಹಿಡಿದ ಪುಟ್ಟಸ್ವಾಮಿ. ನಾನು ನಂದಿಯ ಹಿಂದಕ್ಕೆ ಸರಿದೆ. ಇನ್‌ಸ್ಪೆಕ್ಟರು ಕಲಾರಸಿಕರು, ನಂದಿಯನ್ನು ಹಿಂದಿನಿಂದಲೂ ನೋಡಬೇಕೆಂದರು.

"ಇವ್ರನ್ನ ಎಲ್ಲೋ ನೋಡಿದೀನಲ್ಲ" ಎಂದರು. "ನಿಮ್ಮ ರೂಮಿನ ಫೋಟೋದಲ್ಲಿ! ಹಾರ ಹಾಕ್ಕೊಂಡಿರೋರು!"

ಹೆಡ್ಮಾಸ್ಟರು ಒಂದು ಕ್ಷಣವೂ ತಡಮಾಡಲಿಲ್ಲ. "ಅವರ ತಮ್ಮ ಸಾರ್ ಇವ್ರು. ಒಂದೇ ಅಚ್ಚು."

ನಾನು ನಮಸ್ಕಾರ ಮಾಡಿದೆ. ತಮ್ಮ ಮಾಡುವ ಹಾಗೆ, ಸ್ವಲ್ಪ ಹೆಚ್ಚು ಬಗ್ಗಿ.

"ನಿಮ್ಮ ಅಣ್ಣ ಚೆನ್ನಾಗಿದಾರಾ?"

"ಚೆನ್ನಾಗಿದಾನೆ ಸಾರ್."

ಅಲ್ಲಿಗೇ ಮುಗಿದಿದ್ದರೆ ಇದು ನಗುವ ಕಥೆ. ನಾನೂ ಎಷ್ಟೋ ಸಲ ಅಲ್ಲಿಗೇ ನಿಲ್ಲಿಸಿ ನಗಿಸಿದ್ದೇನೆ. ಆದರೆ ಇನ್‌ಸ್ಪೆಕ್ಟರು ಹೊರಡಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತಾ ಕೇಳಿದರು:

"ಆ ಕಡೆ ಸ್ಕೂಲುಗಳಲ್ಲಿ ಏನೋ ಗಲಾಟೆ ಆಯ್ತಂತಲ್ರೀ. ವಿದ್ಯಾರ್ಥಿಗಳನ್ನ ಕ್ಲಾಸಿಂದಲೇ ಎತ್ಕೊಂಡು ಹೋದ್ರಂತೆ. ಪೇಪರಿನಲ್ಲಿ ಎರಡು ಸಾಲು ಬಂದಿತ್ತು. ಆಮೇಲೆ ಏನೂ ಇಲ್ಲ. ನಿಜವಾ? ನಿಮ್ಮ ಅಣ್ಣ ಏನಾದ್ರೂ ಬರೆದಿದಾರಾ? ನಂಗೆ ತಿಳ್ಕೋಬೇಕು."

ಊರಿಗೆ ಬಂದು ಎರಡು ತಿಂಗಳು ಹತ್ತು ದಿನ ಆಗಿತ್ತು. ಈ ಪ್ರಶ್ನೆಯನ್ನು ಕೇಳಿದ ಮೊದಲನೆಯ ಮನುಷ್ಯ ಅವರು. ಮುಖದಲ್ಲಿ ಕುತೂಹಲಕ್ಕಿಂತ ಹೆಚ್ಚಿನದೇನೋ ಇತ್ತು. ಹೇಳಿದ್ದರೆ ಪೂರ್ತಿ ಕೇಳುತ್ತಿದ್ದರು. ಗಂಟೆ, ಪೀರಿಯಡ್ಡು, ಕಿಟಕಿಯ ಪಕ್ಕದವನ ಮಸಿಕುಡಿಕೆ, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂತು.

ಪುಟ್ಟಸ್ವಾಮಿ ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಅವನ ಹೆಂಡತಿಗೆ ಒಂಬತ್ತು ತುಂಬಿತ್ತು. ಅದನ್ನು ನಾನೇ ಕಣ್ಣಾರೆ ಕಂಡೆ ಎಂದು ಹೇಳಿದರೆ, ನಾನು ಊರಿಗೆ ಬಂದಿದ್ದೇನೆ ಎಂದಾಯಿತು. ನಾನು ಬಂದಿದ್ದರೆ ಅವನಿಲ್ಲ.

"ಏನೂ ಬರೆದಿಲ್ಲ ಸಾರ್" ಎಂದೆ.

"ಹಾಗಾದ್ರೆ ಅಂಥದ್ದೇನೂ ಆಗಿರಲಾರದು" ಎಂದರು ಇನ್‌ಸ್ಪೆಕ್ಟರು. ಕನ್ನಡಕ ಹಾಕಿಕೊಂಡರು. ಸಮಾಧಾನವಾಯಿತೆಂದು ಕಾಣುತ್ತದೆ, ನಂದಿಯ ಕೊರಳ ಸರಗಳನ್ನು ಬಹಳ ಹೊತ್ತು ನೋಡಿದರು.

ಹನ್ನೆರಡು ದಿನದ ಮೇಲೆ ಪುಟ್ಟಸ್ವಾಮಿಗೆ ಹೆಣ್ಣು ಮಗು ಆಯಿತು. ತಾಯಿ, ಮಗು ಇಬ್ಬರೂ ಕ್ಷೇಮ. ನಾನು ಉಷ್ಣವಲಯದ ಹವೆ ಒಗ್ಗದವನಾಗಿ ಕೆಲಸಕ್ಕೆ ಹಾಜರಾದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರಿಗೆ ವರ್ಗವಾಗಿತ್ತು. ಪುಟ್ಟಸ್ವಾಮಿಗೆ ಬಾಣಾವರದ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಹೋದ ವಾರ ಖಾಯಂ ಆದ ಆರ್ಡರು ಹಿಡಿದು, ಪೇಡ ತಂದಿದ್ದ. ಇನ್ನು ಯಾರ ಅನ್ನಕ್ಕೂ ಕುತ್ತಿಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ.

ಮಂಟಪದ ಹಿಂದೆ ನಾನು ಹೇಳಿದ್ದನ್ನು ಕೇಳಿದವರು ಮೂವರು. ಹೆಡ್ಮಾಸ್ಟರು ಅರಸೀಕೆರೆಯಲ್ಲಿಯೇ ಇದ್ದಾರೆ. ಪುಟ್ಟಸ್ವಾಮಿ ಬಾಣಾವರದಲ್ಲಿ. ಇನ್‌ಸ್ಪೆಕ್ಟರು ನಿವೃತ್ತರಾಗಿ ಬೇಲೂರಿನಲ್ಲಿ ಮನೆ ಮಾಡಿದ್ದಾರೆ, ಇದು ಅಚ್ಚಾಗುವ ಈ ಪತ್ರಿಕೆಯನ್ನು ತರಿಸುತ್ತಾರೆ. ಮೂವರೂ ಗಟ್ಟಿಮುಟ್ಟಾಗಿದ್ದಾರೆ, ಯಾರು ಬೇಕಾದರೂ ಹೋಗಿ ವಿಚಾರಿಸಬಹುದು.

ಆ ಆರು ಜನರನ್ನು ನಾನು ಎಲ್ಲಿ ಹೋಗಿ ವಿಚಾರಿಸಲಿ?